ಮೊದಲ ವಾರದಲ್ಲೇ ಕೇಳು

ಚಿ. ಪುಟ್ಟಿಗೆ, ನಿನ್ನ ಅತ್ತೆಯ ಆಶೀರ್ವಾದಗಳು.

ಮಾನಸಗಂಗೋತ್ರಿಯಲ್ಲಿ ಇತಿಹಾಸ ಎಂ.ಎ.ಗೆ ನಿನಗೆ ಸೀಟು ಸಿಕ್ಕಿದ್ದನ್ನು ಅಣ್ಣ ಫೋನಿನಲ್ಲಿ ಹೇಳಿದ. ತುಂಬಾ ಸಂತೋಷವಾಯಿತು. ಹಿಂದೆಯೇ ಇನ್ನೊಂದು ಮಾತನ್ನೂ ಹೇಳಿದ: ‘ಕಣ್ಣಿನ ವಿಷಯ ಅಲ್ಲಿ ಯಾರಿಗೂ ಹೇಳಲ್ವಂತೆ. ಎಲ್ಲರ ಹಾಗೇ ಇರ್ತೀನಿ ಅಂತಾಳೆ.’ ಅದಕ್ಕೇ ಈ ಪತ್ರ.

ನಿನ್ನ ಮನಸ್ಸು ನನಗೆ ಗೊತ್ತು. ದೃಷ್ಟಿ ಕಮ್ಮಿ ಅಂತ ಹೈಸ್ಕೂಲಿನಿಂದ ‘ಅಯ್ಯೋ ಪಾಪ’ ಕೇಳಿ ಕೇಳಿ ನಿನಗೆ ಸಾಕಾಗಿದೆ. ಹೊಸ ಊರು, ಹೊಸ ಸ್ನೇಹಿತೆಯರು, ಅಲ್ಲಾದರೂ ಆ ಮಾತು ಬೇಡ ಅನ್ನಿಸುತ್ತದೆ. ಗೆಳತಿಯರಿಗೆ ಹೇಳುವುದು ಬಿಡುವುದು ನಿನ್ನಿಷ್ಟ. ಆದರೆ ಕಚೇರಿಗೆ ಹೇಳಲೇಬೇಕು, ಅದೂ ಮೊದಲ ವಾರದಲ್ಲೇ.

ನಾನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಗೊತ್ತಾ? ನನ್ನ ನೌಕರಿಯ ಬಹುಪಾಲು ಕಳೆದದ್ದು ಒಂದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ. ಅಲ್ಲಿ ಸೌಲಭ್ಯವೇ ಇಲ್ಲದೆ ಒದ್ದಾಡಿದ ಮಕ್ಕಳನ್ನೂ ಕಂಡಿದ್ದೇನೆ. ಇರುವ ಸೌಲಭ್ಯವನ್ನು ತಡವಾಗಿ ಕೇಳಿ ಒದ್ದಾಡಿದವರನ್ನು ಇನ್ನೂ ಜಾಸ್ತಿ ಕಂಡಿದ್ದೇನೆ. ನಾಳೆ ಬೆಳಿಗ್ಗೆ ಪರೀಕ್ಷೆ, ಇವತ್ತು ಸಂಜೆ ಅಪ್ಪನನ್ನು ಕರೆದುಕೊಂಡು ಕೌಂಟರಿಗೆ ಬರುತ್ತಿದ್ದರು. ಸಹಿ ಹಾಕಬೇಕಾದವರು ಆಗಲೇ ಮನೆಗೆ ಹೊರಟಿರುತ್ತಿದ್ದರು. ಬೇರೆ ಕೊಠಡಿ ಗೊತ್ತಾಗಿರುತ್ತಿರಲಿಲ್ಲ. ಪರೀಕ್ಷೆಯಲ್ಲಿ ಅವರು ಹೇಳಿದ್ದನ್ನು ಕೂತು ಬರೆದುಕೊಡುವ ಹುಡುಗ ಸಿಕ್ಕಿರುತ್ತಿರಲಿಲ್ಲ. ನಾವೂ ಓಡಾಡುತ್ತಿದ್ದೆವು, ಕೆಲವೊಮ್ಮೆ ಆಗುತ್ತಿತ್ತು, ಕೆಲವೊಮ್ಮೆ ಆಗುತ್ತಿರಲಿಲ್ಲ. ಆದರೂ ಮಕ್ಕಳು ‘ಪರವಾಗಿಲ್ಲ ಮೇಡಂ’ ಅಂತ ಹೇಳಿ ಹೋಗುವಾಗ ಹೊಟ್ಟೆ ಉರಿಯುತ್ತಿತ್ತು.

ಒಂದು ವಿಷಯ ತಲೆಯಲ್ಲಿ ಗಟ್ಟಿಯಾಗಿ ಇಟ್ಟುಕೋ. ಇದು ಯಾರೋ ದಯೆಯಿಂದ ಕೊಡುವ ದಾನ ಅಲ್ಲ. 1995ರ ಕಾಯ್ದೆಯಲ್ಲಿ ಅಂಗವೈಕಲ್ಯ ಎಂದು ಗುರುತಿಸಿದ್ದು 7 ಬಗೆಯನ್ನು ಮಾತ್ರ. 2016ರಲ್ಲಿ ಬಂದ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 3 ಇದ್ದ ಸೀಟನ್ನು ಕನಿಷ್ಠ ಶೇ. 5 ಮಾಡಿತು. ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇದೆ ಎಂದು ಪ್ರಮಾಣಪತ್ರ ಇರುವವರಿಗೆ ಈ ಮೀಸಲಾತಿ. ನಿನ್ನ ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ, ಅದಕ್ಕೇ ಇರುವುದು. ಅದನ್ನು ಅಲಮಾರಿನಲ್ಲಿ ಸೀರೆ ಕೆಳಗೆ ಇಟ್ಟರೆ ಏನು ಪ್ರಯೋಜನ ಹೇಳು? ನಾಲ್ಕು ಜೆರಾಕ್ಸ್ ಮಾಡಿಸು, ಫೋನಿನಲ್ಲೂ ಒಂದು ಫೋಟೊ ಇರಲಿ.

ಈಗ ಪರೀಕ್ಷೆಯ ವಿಷಯ. ನನಗೆ ಚೆನ್ನಾಗಿ ಗೊತ್ತಿರುವುದು ಇದೇ, ಸ್ವಲ್ಪ ಉದ್ದವಾದರೂ ಓದು. ಕೇಂದ್ರ ಸರ್ಕಾರ 2018ರ ಆಗಸ್ಟಿನಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಜಾಸ್ತಿ. ಬರೆದುಕೊಡುವವರನ್ನು ತೆಗೆದುಕೊಳ್ಳದೆ ನೀನೇ ಬರೆದರೂ ಈ ಸಮಯ ಕೇಳಬಹುದು. ತುಂಬಾ ಮಕ್ಕಳಿಗೆ ಇದು ಗೊತ್ತಿರುವುದಿಲ್ಲ. ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆಯನ್ನೂ ಕೇಳಬಹುದು. ನಿನಗೆ ಹಗಲಿನಲ್ಲಿ ಓದಲು ಆಗುತ್ತದೆ, ಆದರೆ ನಿಧಾನ. ಸದ್ಯಕ್ಕೆ ನಿನಗೆ ಬೇಕಾಗಿರುವುದು ಹೆಚ್ಚು ಸಮಯ, ದೊಡ್ಡ ಅಕ್ಷರ, ಒಳ್ಳೆಯ ಬೆಳಕಿನ ಜಾಗ. ಈ ಮೂರನ್ನು ಮಾತ್ರ ಕೇಳು. ಮುಂದೆ ಬರೆದುಕೊಡುವವರು ಬೇಕಾದರೆ ಅದಕ್ಕೆ ಬೇರೆ ಕಾಗದ ಬೇಕಾಗಬಹುದು. 2018ರ ಮಾರ್ಗಸೂಚಿಯಲ್ಲಿ ಪೂರ್ತಿ ಕಣ್ಣು ಕಾಣದವರು, ಎರಡೂ ಕೈಗಳಿಗೆ ತೊಂದರೆ ಇರುವವರು, ಸೆರೆಬ್ರಲ್ ಪಾಲ್ಸಿ ಇರುವವರು ಬಯಸಿದರೆ ಸಾಕು, ಕೊಡಬೇಕಿತ್ತು. ಉಳಿದವರು ಬರೆಯಲು ತೊಂದರೆ ಇದೆ ಎಂದು ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ ಮಟ್ಟದವರಿಂದ ಪತ್ರ ತರಬೇಕಿತ್ತು. ಈಗಿನ ನಿಯಮವನ್ನು ಕಚೇರಿಯಲ್ಲಿ ಕೇಳಿ ತಿಳಿದುಕೋ. ಅಂಥ ಪತ್ರಕ್ಕೆ ದಿನಗಟ್ಟಲೆ ಓಡಾಟ ಆಗುತ್ತದೆ. ಹಾಲ್ ಟಿಕೆಟ್ ಬಂದ ಮೇಲೆ ನೋಡೋಣ ಅಂದುಕೊಂಡರೆ ಕೆಲಸ ಕೆಟ್ಟಿತು.

‘ನಿನಗೆ ಶೇ. 40 ಇಲ್ಲ, ಅದಕ್ಕೇ ಆಗಲ್ಲ’ ಅಂತ ನಿನ್ನ ಗೆಳತಿಯರಲ್ಲಿ ಯಾರಿಗಾದರೂ ಹೇಳಿದರೆ, 2021ರ ಫೆಬ್ರುವರಿಯ ಸುಪ್ರೀಂ ಕೋರ್ಟ್ ತೀರ್ಪನ್ನು ನೆನಪಿಸು. ಬರೆಯಲು ಹೋದರೆ ಕೈ ಸೆಟೆದುಕೊಳ್ಳುತ್ತಿದ್ದ ಒಬ್ಬ ಅಭ್ಯರ್ಥಿ ಯುಪಿಎಸ್‌ಸಿ ವಿರುದ್ಧ ಹೋಗಿದ್ದ ಪ್ರಕರಣ ಅದು. ಬರೆದುಕೊಡುವವರ ನೆರವಿಗೆ ಶೇ. 40ರ ಗೆರೆಯೇ ಅಡ್ಡಿಯಾಗಬಾರದು ಎಂದು ಕೋರ್ಟ್ ಹೇಳಿತು. ಮರುವರ್ಷ ಅಂಥವರಿಗೂ ಮಾರ್ಗಸೂಚಿ ಬಂತು. ಒಬ್ಬರು ಪಟ್ಟು ಬಿಡದೆ ಕೇಳಿದ್ದರಿಂದ ಎಷ್ಟು ಮಕ್ಕಳಿಗೆ ದಾರಿಯಾಯಿತು ನೋಡು.

ಕೇಳುವುದನ್ನು ಬರೆದೇ ಕೇಳು. ‘ಸರ್‌ಗೆ ಹೇಳಿದ್ದೀನಿ, ಆಯ್ತು ಅಂದರು’ ಎನ್ನುವ ಮಾತಿಗೆ ಕಚೇರಿಯಲ್ಲಿ ಬೆಲೆಯಿಲ್ಲ. ಆ ಸರ್ ವರ್ಗವಾಗಿ ಹೋದರೆ ಮಾತೂ ಹೋಯಿತು. ಒಂದೊಂದು ಕಡೆಗೂ ಅರ್ಜಿಯ ಎರಡೆರಡು ಪ್ರತಿ ಮಾಡು. ಒಂದನ್ನು ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೋ. ಇಲಾಖೆಯ ಮುಖ್ಯಸ್ಥರಿಗೆ ಒಂದು, ಪರೀಕ್ಷಾಂಗ ಕುಲಸಚಿವರಿಗೆ ಒಂದು, ಹಾಸ್ಟೆಲ್ ವಾರ್ಡನ್‌ಗೆ ಒಂದು. ಸಮಾನ ಅವಕಾಶ ಕೋಶ ಎಲ್ಲಿದೆ ಅಂತ ಕೇಳಿ ಅಲ್ಲಿಗೂ ಒಂದು ಪ್ರತಿ ಕೊಡು. ಗುಮಾಸ್ತರ ಹತ್ತಿರ ಸಮಾಧಾನದಿಂದ ಮಾತಾಡು. ಅವರ ಮೇಜಿನ ಮೇಲೆ ಫೈಲು ಬೆಟ್ಟದಷ್ಟು ಇರುತ್ತದೆ. ಆದರೆ ಸೀಲು ಹಾಕಿಸಿಕೊಳ್ಳದೆ ಮಾತ್ರ ಬರಬೇಡ.

ಇನ್ನು ಓದುವ ಸಾಮಗ್ರಿ. ಕನ್ನಡದಲ್ಲಿ ಓದುವ ನಿನ್ನಂಥ ಮಕ್ಕಳಿಗೆ ಇರುವ ದೊಡ್ಡ ಕಾಟ ಇದೇ, ಆದರೆ ಅದರ ಬಗ್ಗೆ ಮಾತಾಡುವವರು ಕಮ್ಮಿ. ಮೇಷ್ಟ್ರು ಪ್ರೀತಿಯಿಂದ ನೋಟ್ಸ್ ಕಳಿಸುತ್ತಾರೆ. ಅದು ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದಾಗಿರುತ್ತದೆ. ಕಣ್ಣಿಗೆ ಕನ್ನಡವೇ ಕಾಣುತ್ತದೆ. ಒಳಗೆ ಇರುವುದು ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಫೋನಿನ ಟಾಕ್‌ಬ್ಯಾಕ್ ಆಗಲಿ, ಕಂಪ್ಯೂಟರಿನ ಎನ್‌ವಿಡಿಎ ಆಗಲಿ ಅದನ್ನು ಓದಲು ಹೋದರೆ ಒಂದು ಪದವೂ ಅರ್ಥವಾಗುವುದಿಲ್ಲ. ಕನ್ನಡವನ್ನು ಕನ್ನಡ ಅಕ್ಷರವಾಗಿಯೇ ಇಡುವ ಯುನಿಕೋಡ್‌ನಲ್ಲಿ ಇದ್ದರೆ ಚೆನ್ನಾಗಿ ಓದುತ್ತದೆ. ಹಾಗಾಗಿ ಮೇಷ್ಟ್ರಿಗೆ ಮೊದಲೇ ಹೇಳು: ‘ಸರ್, ಯುನಿಕೋಡ್‌ನಲ್ಲಿ ಕೊಟ್ಟರೆ ನನಗೆ ಕಿವಿಯಲ್ಲಿ ಕೇಳಿ ಓದಲು ಆಗುತ್ತದೆ.’ ಹಳೇ ಫೈಲನ್ನು ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಅದನ್ನೂ ತೋರಿಸು. ಪುಟಗಳನ್ನು ಬರೀ ಫೋಟೊ ಹೊಡೆದು ಪಿಡಿಎಫ್ ಮಾಡಿದ್ದರೆ ಗೂಗಲ್ ಲೆನ್ಸ್ ಕನ್ನಡ ಅಕ್ಷರವನ್ನು ಹೊರತೆಗೆಯುತ್ತದೆ. ತಪ್ಪುಗಳು ಇರುತ್ತವೆ, ಆದರೂ ಸುಮ್ನೆ ಕೂರುವುದಕ್ಕಿಂತ ಮೇಲು. ಪಠ್ಯಪುಸ್ತಕವನ್ನು ಸ್ಕ್ಯಾನ್ ಮಾಡಿಸಿಕೊಳ್ಳಲು ಹೆದರಬೇಡ. ದೃಷ್ಟಿ ತೊಂದರೆ ಇರುವವರು ಓದಲು ಆಗುವ ರೂಪಕ್ಕೆ ಪುಸ್ತಕವನ್ನು ಬದಲಾಯಿಸಲು 2012ರ ತಿದ್ದುಪಡಿಯಾದ ಮೇಲೆ ಹಕ್ಕುಸ್ವಾಮ್ಯ ಕಾಯ್ದೆಯೇ ಅವಕಾಶ ಕೊಟ್ಟಿದೆ. ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಲ್ಲೂ ಹೆಸರು ನೋಂದಾಯಿಸು.

ಹಾಸ್ಟೆಲಿನಲ್ಲಿ ನೆಲಮಹಡಿಯ ರೂಮು ಕೇಳು. ನಿನ್ನ ಇರುಳುಗುರುಡಿಗೆ ಮೆಟ್ಟಿಲು ಮತ್ತು ದಾರಿಯ ದೀಪ ದೊಡ್ಡ ವಿಷಯ. ಗಂಗೋತ್ರಿಯ ಆವರಣ ದೊಡ್ಡದು, ಮರಗಳೂ ಜಾಸ್ತಿ, ಸಂಜೆಯಾದರೆ ಅವುಗಳ ಕೆಳಗೆ ಬೇಗ ಕತ್ತಲೆ. ಯಾವ ಕಂಬದ ದೀಪ ಕೆಟ್ಟಿದೆ ಅಂತ ನೋಡಿ ವಾರ್ಡನ್‌ಗೆ ಬರೆದುಕೊಡು. ಮೆಟ್ಟಿಲ ಅಂಚಿಗೆ ಹಳದಿ ಪಟ್ಟಿ ಬಳಿಸಲು ಹೇಳು, ಅದಕ್ಕೆ ಒಂದು ಡಬ್ಬ ಬಣ್ಣ ಸಾಕು. ರಾತ್ರಿ ಓಡಾಡುವಾಗ ಬಿಳಿ ಕೋಲು ಹಿಡಿಯಲು ನಾಚಿಕೆ ಬೇಡ. ಎಡವಿ ಬಿದ್ದು ಕಾಲು ಮುರಿದುಕೊಂಡರೆ ಸೆಮಿಸ್ಟರೇ ಹೋಗುತ್ತದೆ.

ಸ್ಕಾಲರ್‌ಶಿಪ್‌ಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ತೆರೆದ ದಿನವೇ ಅರ್ಜಿ ಹಾಕು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಚಾಲ್ತಿಯಲ್ಲಿದೆಯಾ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡು. ಊರಿಗೆ ಬಂದು ಹೋಗಲು ಶಕ್ತಿ ಯೋಜನೆಯ ಬಸ್ಸು ಇದೆ.

ನಿನ್ನೊಬ್ಬಳ ಕೆಲಸ ಆದರೆ ಸಾಲದು ಪುಟ್ಟಿ. ನಿನ್ನ ತರಗತಿಯಲ್ಲಿ ಎಚ್.ಡಿ. ಕೋಟೆಯ ಹಾಡಿಯಿಂದ ಬಂದ ಹುಡುಗಿ ಇರಬಹುದು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು, ಪೋರ್ಟಲ್ ಎಂದರೇನು ಅಂತ ಕೇಳಲೂ ಸಂಕೋಚ. ಅವಳ ಜೊತೆ ಕೂತು ಅರ್ಜಿ ತುಂಬು. ಕಿವಿ ಮಂದವಾಗಿರುವ ಹುಡುಗ ಇರಬಹುದು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಮಾತಾಡಿದರೆ ಅವನಿಗೆ ಪಾಠವೇ ತಪ್ಪಿತು. ಅದನ್ನು ಮೇಷ್ಟ್ರ ಗಮನಕ್ಕೆ ತರಬಹುದಾ ಅಂತ ಅವನನ್ನು ಕೇಳು. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಮಾನಸಗಂಗೋತ್ರಿಯಲ್ಲೇ, ಅಲ್ಲಿ ತೋರಿಸಿಕೊಂಡಿದ್ದಾನಾ ಅಂತಲೂ ವಿಚಾರಿಸು. ಗಂಡು ಹೆಣ್ಣು ಎಂಬ ಎರಡು ಹಾಸ್ಟೆಲುಗಳಲ್ಲಿ ಯಾವುದರಲ್ಲೂ ನೆಮ್ಮದಿ ಸಿಗದ ವಿದ್ಯಾರ್ಥಿ ಬಂದರೆ ಅವರ ಪಕ್ಕದಲ್ಲಿ ಕೂತು ಊಟ ಮಾಡು. ಜಾತಿ ಕೇಳಿ ತಟ್ಟೆ ಸರಿಸುವವರು ಇವತ್ತಿಗೂ ಇದ್ದಾರೆ. ಅಂಥ ಕಡೆ ಸುಮ್ಮನಿರಬೇಡ.

ಯಾರಾದರೂ ರ್‍ಯಾಗಿಂಗ್ ಮಾಡಿದರೆ ಯುಜಿಸಿಯ ಸಹಾಯವಾಣಿ 1800-180-5522, ದಿನದ 24 ಗಂಟೆಯೂ ಇರುತ್ತದೆ. ಮೈಮೇಲೆ ಕೈ ಹಾಕಿದರೆ, ಕೆಟ್ಟ ಮಾತಾಡಿದರೆ ಆಂತರಿಕ ದೂರು ಸಮಿತಿ ಇದೆ, ಮೂರು ತಿಂಗಳೊಳಗೆ ಬರೆದುಕೊಡಬೇಕು. ಅರ್ಜಿಗೆ ಉತ್ತರವೇ ಬರದಿದ್ದರೆ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ಹೋಗು. ಬೆಂಗಳೂರಿನಲ್ಲಿ ಅಂಗವಿಕಲರ ರಾಜ್ಯ ಆಯುಕ್ತರ ಕಚೇರಿಯೂ ಇದೆ.

ಕಣ್ಣಿನ ಚಿಂತೆಯಿಂದ ರಾತ್ರಿ ನಿದ್ದೆ ಬರದಿದ್ದರೆ, ಮುಂದೆ ಹೇಗೋ ಏನೋ ಅನ್ನಿಸಿದರೆ, ನನಗೆ ಎಷ್ಟು ಹೊತ್ತಿಗೆ ಬೇಕಾದರೂ ಫೋನ್ ಮಾಡು. ನನ್ನ ಹತ್ತಿರ ಹೇಳಲಾಗದ್ದು ಇದ್ದರೆ 14416ಕ್ಕೆ ಮಾಡು. ಅದು ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇದರಲ್ಲಿ ಮುಚ್ಚಿಟ್ಟುಕೊಳ್ಳುವಂಥದ್ದು ಏನೂ ಇಲ್ಲ.

ಅರ್ಜಿ ಹೀಗೆ ಶುರುಮಾಡು: ‘ನನಗೆ ಅಲ್ಪದೃಷ್ಟಿ ಇದ್ದು, ಯುಡಿಐಡಿ ಕಾರ್ಡಿನ ಪ್ರತಿ ಲಗತ್ತಿಸಿದ್ದೇನೆ. 2016ರ ಕಾಯ್ದೆಯಂತೆ ಈ ಕೆಳಗಿನ ಸೌಲಭ್ಯಗಳನ್ನು ಒದಗಿಸಬೇಕಾಗಿ ಕೋರುತ್ತೇನೆ.’ ‘ದಯಮಾಡಿ ಕರುಣೆ ತೋರಿ’ ಅಂತೆಲ್ಲ ಬರೆಯಬೇಡ. ಬರೆದು ಮುಗಿಸಿದ ಮೇಲೆ ವಾಟ್ಸಾಪಿನಲ್ಲಿ ಕಳಿಸು, ಒಂದು ಸಲ ನೋಡಿ ಕೊಡುತ್ತೇನೆ. ಹಾಸ್ಟೆಲಿನ ರೂಮು ಯಾವ ಮಹಡಿಯಲ್ಲಿ ಸಿಕ್ಕಿತು ಅನ್ನುವುದನ್ನೂ ತಿಳಿಸು.

ಇಂತಿ,
ನಿನ್ನ ಅತ್ತೆ