ಶಾಲೆಯ ಔಷಧಿ ಕಪಾಟಿನ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಆಸ್ಪತ್ರೆ ಬಿಟ್ಟು ಶಾಲೆಯಲ್ಲಿ ನರ್ಸ್ ಆಗಿ ಸೇರುತ್ತಿದ್ದೀಯ ಅಂತ ತಿಳಿದು ಖುಷಿಯಾಯಿತು. ತರಚಿದ ಮಂಡಿ, ಹೊಟ್ಟೆನೋವು, ಪರೀಕ್ಷೆ ದಿನವೇ ಬರುವ ತಲೆನೋವು, ಇದನ್ನೆಲ್ಲ ನಿನಗೆ ಯಾರೂ ಹೇಳಿಕೊಡಬೇಕಿಲ್ಲ. ನೀನು ಕೇಳಿದ್ದು ನಿಯಂತ್ರಿತ ಔಷಧಿಗಳ ಬಗ್ಗೆ, ಅಂದರೆ ದುರುಪಯೋಗ ಆಗಬಹುದು ಅಂತ ಕಾನೂನು ಬಿಗಿಯಾಗಿ ಹಿಡಿದಿಟ್ಟಿರುವವು. ಅಷ್ಟನ್ನೇ ಬರೆಯುತ್ತೇನೆ.

ವಾರ್ಡಿನಲ್ಲಿ ಇಂಥ ಮಾತ್ರೆ ತೆಗೆಯುವಾಗ ಪಕ್ಕದಲ್ಲಿ ಇನ್ನೊಬ್ಬ ನರ್ಸ್ ಇರುತ್ತಿದ್ದರು. ಕೆಳಗೆ ಫಾರ್ಮಸಿ ಇತ್ತು. ಶಾಲೆಯಲ್ಲಿ ಅದೇನೂ ಇಲ್ಲ. ಕೀಲಿ ನಿನ್ನ ಹತ್ತಿರ, ಎಣಿಸುವವನೂ ನೀನೇ, ಬರೆಯುವವನೂ ನೀನೇ. ಒಂದು ಮಾತ್ರೆ ಕಡಿಮೆ ಬಂದರೆ ಎಲ್ಲರೂ ತಿರುಗಿ ನೋಡುವುದೂ ನಿನ್ನನ್ನೇ. ಹಾಗಾಗಿ ಎಣಿಸುವಾಗ ಒಬ್ಬನೇ ಇರಬೇಡ. ನಿನ್ನ ಮೇಲೆ ಅನುಮಾನ ಅಂತಲ್ಲ. ಪ್ರಾಮಾಣಿಕರಿಗೂ ಸಾಕ್ಷಿ ಬೇಕಾಗುವ ಕೆಲಸ ಇದು. ವಾರಕ್ಕೊಮ್ಮೆಯಾದರೂ ಶಾಲೆಯವರೊಬ್ಬರನ್ನು ಕೂರಿಸಿಕೊಂಡು ಎಣಿಸು, ಇಬ್ಬರೂ ಸಹಿ ಹಾಕಿ.

ನಿನ್ನ ಕೈಗೆ ಹೆಚ್ಚಾಗಿ ಬರುವುದು ಎರಡು ಬಗೆಯವು. ಒಂದು, ಗಮನ ನಿಲ್ಲದೆ ಚಡಪಡಿಸುವ ತೊಂದರೆಯಾದ ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್. ಇನ್ನೊಂದು, ಫಿಟ್ಸ್ ನಿಲ್ಲಿಸಲು ಕೊಡುವ ಮಿಡಜೋಲಾಮ್ ಅಥವಾ ಡಯಾಜೆಪಾಮ್. ಮನಸ್ಸಿನ ಮೇಲೆ ಪರಿಣಾಮ ಬೀರುವ ಔಷಧಿಗಳ ಬಗ್ಗೆ ಆದ 1971ರ ವಿಶ್ವಸಂಸ್ಥೆಯ ಒಪ್ಪಂದದಲ್ಲಿ ಮೊದಲನೆಯದು 2ನೇ ಪಟ್ಟಿಯಲ್ಲಿದೆ, ಉಳಿದೆರಡು 4ನೇ ಪಟ್ಟಿಯಲ್ಲಿವೆ. ಸಂಖ್ಯೆ ಚಿಕ್ಕದಾದಷ್ಟೂ ಬಿಗಿ ಜಾಸ್ತಿ. ಅದರ ಮೇಲೆ ಒಂದೊಂದು ಕಡೆಯ ಕಾನೂನು ಒಂದೊಂದು ಥರ. ನಿನ್ನ ಕಡೆಯದನ್ನು ಸೇರುವ ಮುಂಚೆಯೇ ಓದಿಕೋ.

ಔಷಧಿ ಶಾಲೆಗೆ ಮಗುವಿನ ಬ್ಯಾಗಿನಲ್ಲಿ ಬರಬಾರದು. ಅಪ್ಪನೋ ಅಮ್ಮನೋ ತಂದು ಕೈಗೆ ಕೊಡಬೇಕು. ಅಂಗಡಿಯವರು ಕೊಟ್ಟ ಡಬ್ಬಿಯಲ್ಲೇ ಇರಬೇಕು, ಮೇಲೆ ಮಗುವಿನ ಹೆಸರು, ಪ್ರಮಾಣ ಕಾಣಬೇಕು. ಜೊತೆಗೆ ಡಾಕ್ಟರ್ ಬರೆದ ಚೀಟಿ, ಮನೆಯವರ ಒಪ್ಪಿಗೆ. ಅವರೆದುರೇ ಎಣಿಸಿ ಸಹಿ ತೆಗೆದುಕೋ. ಕೆಲವರಿಗೆ ಬೇಜಾರಾಗುತ್ತದೆ, 'ನಮ್ಮನ್ನೇ ನಂಬಲ್ವಾ' ಅನ್ನುತ್ತಾರೆ. ನಾಳೆ ಲೆಕ್ಕ ತಪ್ಪಿದರೆ ನಿಮಗೂ ತೊಂದರೆ ಅಲ್ವಾ ಅಂತ ಹೇಳು. ಎಷ್ಟೇ ಪರಿಚಯದವರಾದರೂ ಕಾಗದದಲ್ಲಿ ಸುತ್ತಿ ತಂದ ಮಾತ್ರೆ ಮಾತ್ರ ಬೇಡ.

ಮೀಥೈಲ್‌ಫೆನಿಡೇಟ್‌ನ ಸಾಮಾನ್ಯ ಮಾತ್ರೆ ಕೆಲಸ ಮಾಡುವುದು ಸುಮಾರು 4 ಗಂಟೆ. ಬೆಳಿಗ್ಗೆ ಮನೆಯಲ್ಲಿ ನುಂಗಿದ್ದು ಮಧ್ಯಾಹ್ನಕ್ಕೆ ಮುಗಿಯುತ್ತದೆ, ಅದಕ್ಕೇ ಎರಡನೆಯದು ನಿನ್ನ ಪಾಲಿಗೆ ಬರುತ್ತದೆ. 8ರಿಂದ 12 ಗಂಟೆ ನಡೆಯುವಂಥದ್ದೂ ಇದೆ. ಅದು ಆ ಮಗುವಿಗೆ ಹೊಂದುತ್ತದಾ ಅಂತ ಡಾಕ್ಟರನ್ನು ಕೇಳಲು ಮನೆಯವರಿಗೆ ಹೇಳಬಹುದು. ಶಾಲೆಯಲ್ಲಿ ಇಂಥ ಮಾತ್ರೆ ಕಡಿಮೆಯಿದ್ದಷ್ಟೂ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಆದರೆ ಆ ದೀರ್ಘಾವಧಿಯದನ್ನು ಪುಡಿ ಮಾಡಿಯಾಗಲಿ ಅಗಿದಾಗಲಿ ತಿನ್ನಬಾರದು. ಇಡೀ ದಿನದ್ದು ಒಂದೇ ಸಲ ಒಳಗೆ ಹೋಗಿಬಿಡುತ್ತದೆ.

ಮಗುವನ್ನು ಮೈಕಿನಲ್ಲಿ ಕೂಗಿ ಕರೆಸಬೇಡ. ಗೆಳೆಯರೆಲ್ಲ ಹಿಂದೆ ಆಡಿಕೊಳ್ಳುತ್ತಾರೆ, ಮರುದಿನದಿಂದ ಅದು ಬರುವುದೇ ಇಲ್ಲ. ಬಂದಾಗ ನೀರು ಕೊಡು, ನುಂಗಿದ ಮೇಲೆ ಎರಡು ಮಾತಾಡಿಸು. ಕೆನ್ನೆಯೊಳಗೆ ಮಾತ್ರೆ ಇಟ್ಟುಕೊಂಡವರು ಮಾತಾಡುವಾಗಲೇ ಸಿಕ್ಕಿಬೀಳುತ್ತಾರೆ. ಎಲ್ಲರೂ ಕಳ್ಳತನಕ್ಕೇ ಇಟ್ಟುಕೊಳ್ಳುವುದಿಲ್ಲ. ಹಸಿವಾಗಲ್ಲ ಅಂತ ಉಗಿಯುವವರೂ ಇದ್ದಾರೆ. ಆ ಔಷಧಿಗೆ ಹಸಿವು ಕಡಿಮೆಯಾಗುವುದು ನಿಜ, ಹಾಗಿದ್ದರೆ ಮನೆಗೆ ತಿಳಿಸು. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಇನ್ನೂ ಹುಷಾರಾಗಿರು. ಓದಲು ಅನುಕೂಲ ಅಂತ ದೊಡ್ಡ ಮಕ್ಕಳು ಚಿಕ್ಕವರ ಹತ್ತಿರ ಕೇಳುವುದುಂಟು.

ಲೆಕ್ಕ ತಪ್ಪುವುದು ಬಹಳ ಸಲ ಕಳ್ಳತನದಿಂದಲ್ಲ. ಅರ್ಧ ಮಾಡಿದ ಮಾತ್ರೆ, ಕೆಳಗೆ ಬಿದ್ದ ಮಾತ್ರೆ, ಕೊಟ್ಟು ಬರೆಯಲು ಮರೆತದ್ದು. ಬಿದ್ದದ್ದನ್ನು ಕಸದ ಬುಟ್ಟಿಗೆ ಹಾಕಬೇಡ. ಎತ್ತಿಟ್ಟು, ಒಬ್ಬರನ್ನು ಕರೆದು ತೋರಿಸಿ, ಬರೆ. ಪುಸ್ತಕದಲ್ಲಿ ತಪ್ಪಾದರೆ ವೈಟ್ನರ್ ಹಚ್ಚಬೇಡ, ಒಂದೇ ಗೆರೆ ಎಳೆದು ಸಹಿ ಮಾಡು. ಎಣಿಕೆ ಹೊಂದದಿದ್ದರೆ ಆಗಿಂದಾಗಲೇ ಮೇಲಿನವರಿಗೆ ಹೇಳಿಬಿಡು. ನಾಳೆ ಸರಿಹೋಗಬಹುದು ಅಂತ ಕಾದವರ ಮೇಲೇ ಅನುಮಾನ ಗಟ್ಟಿಯಾಗುತ್ತದೆ.

ಫಿಟ್ಸ್ ಔಷಧಿಯದು ಬೇರೆಯೇ ತಲೆನೋವು. ಬೀಗದೊಳಗೂ ಇರಬೇಕು, ತಕ್ಷಣ ಕೈಗೂ ಸಿಗಬೇಕು. ಸಾಮಾನ್ಯವಾಗಿ ಫಿಟ್ಸ್ 5 ನಿಮಿಷ ದಾಟಿದರೆ ಅದನ್ನು ಕೊಡಬೇಕು. ನೀನು ಮೈದಾನದಲ್ಲಿದ್ದು ಕೀಲಿ ನಿನ್ನ ಜೇಬಿನಲ್ಲೇ ಇದ್ದರೆ ಆ ಬೀಗದಿಂದ ಏನು ಬಂತು? ತರಬೇತಿಯಾದ ಇನ್ನೊಬ್ಬರಿಗೆ ಕೀಲಿ ಸಿಗುವ ಹಾಗೆ ಮಾಡು, ಅದನ್ನೂ ಬರೆದಿಡು. ಶುರುವಾದ ಹೊತ್ತನ್ನು ಗಡಿಯಾರ ನೋಡಿ ಗುರುತು ಹಾಕಿಕೋ, ಅಂದಾಜು ಬೇಡ. ಕೊಟ್ಟ ಮೇಲೆ ಮಗುವನ್ನು ಪಕ್ಕಕ್ಕೆ ಮಲಗಿಸಿ ಉಸಿರಾಟ ನೋಡುತ್ತಲೇ ಇರು, ಇದು ಉಸಿರನ್ನು ನಿಧಾನ ಮಾಡಬಲ್ಲದು. ಆಂಬುಲೆನ್ಸ್‌ಗೆ ಫೋನ್ ಮಾಡುವುದು ಇನ್ನೊಬ್ಬರ ಕೆಲಸ. ಅಸ್ತಮಾ ಇನ್ಹೇಲರ್, ಅಲರ್ಜಿಗೆ ಇರುವ ಎಪಿನೆಫ್ರಿನ್ ಇಂಜೆಕ್ಷನ್ ನಿಯಂತ್ರಿತ ಪಟ್ಟಿಯಲ್ಲಿಲ್ಲ. ಸುಮ್ನೆ ಎಲ್ಲವನ್ನೂ ಅದೇ ಕಪಾಟಿಗೆ ತುಂಬಿ ಬೀಗ ಹಾಕಬೇಡ.

ವರ್ಷದ ಕೊನೆಗೆ ಉಳಿದದ್ದನ್ನು ಎಣಿಸಿ ಮನೆಯವರಿಗೇ ವಾಪಸ್ ಕೊಡು. ಫಿಟ್ಸ್ ಔಷಧಿಯ ಅವಧಿ ಮುಗಿಯುವ ದಿನಾಂಕವನ್ನು ಆಗಾಗ ನೋಡು. ಅದನ್ನು ಯಾರೂ ಮುಟ್ಟುವುದಿಲ್ಲವಲ್ಲ, ಮುಗಿದದ್ದೇ ಗೊತ್ತಾಗುವುದಿಲ್ಲ.

ಇನ್ನೊಂದು. ಹಿಂದಿನ ನರ್ಸ್ ಕೈಯಿಂದ ಕೀಲಿ ತೆಗೆದುಕೊಳ್ಳುವ ಮುಂಚೆ ಅವರ ಜೊತೆ ಕೂತು ಒಂದೊಂದು ಡಬ್ಬಿಯನ್ನೂ ಎಣಿಸು. ಅವರು ಅವಸರದಲ್ಲಿದ್ದರೂ ಬಿಡಬೇಡ. ಸೇರಿದ ಮೇಲೆ ಫೋನ್ ಮಾಡು.

ಇಂತಿ ನಿನ್ನ ಗೆಳೆಯ