ಬೇಸಿಗೆಯ ನೃತ್ಯ ತರಗತಿ ಕೊನೆಯ ದಿನದ ಪ್ರದರ್ಶನಕ್ಕಷ್ಟೇ ಅಲ್ಲ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರವಾದಂತೆ ಮಕ್ಕಳಿಗೆ, ಹದಿಹರೆಯದವರಿಗೆ ಮತ್ತು ವಯಸ್ಕರಿಗೆ ನೃತ್ಯ ಕಲಿಸುವ ತರಗತಿಗಳ ಕರಪತ್ರಗಳು ದಿನಪತ್ರಿಕೆಯ ಮಡಿಕೆಯೊಳಗೇ ಮನೆಗೆ ಬರತೊಡಗುತ್ತವೆ. ಅವುಗಳಲ್ಲಿ ಸಮಯ, ಶುಲ್ಕ ಮತ್ತು ಕೊನೆಯ ದಿನದ ಪ್ರದರ್ಶನದ ವಿವರ ತಪ್ಪದೆ ಇರುತ್ತದೆ. ಆದರೆ ಏನನ್ನು ಕಲಿಸುತ್ತಾರೆ, ಎಂತಹ ನೆಲದ ಮೇಲೆ ಕಲಿಸುತ್ತಾರೆ, ಏಳು ವರ್ಷದ ಮಗುವನ್ನೂ ಹದಿನಾಲ್ಕರ ಹುಡುಗಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾರೆಯೇ ಎಂಬುದು ಎಲ್ಲಿಯೂ ಕಾಣಿಸುವುದಿಲ್ಲ. ಮಗಳನ್ನು ಇಂತಹ ತರಗತಿಗೆ ಕಳುಹಿಸಿದ ತಾಯಿಯಾಗಿ, ಮೂವತ್ತೆಂಟನೆಯ ವಯಸ್ಸಿನಲ್ಲಿ ಸ್ವತಃ ನೃತ್ಯ ಕಲಿಯಲು ಆರಂಭಿಸಿದವಳಾಗಿ ಈ ಬಗ್ಗೆ ಬರೆಯಬೇಕೆನಿಸಿತು.

ಎರಡು ವರ್ಷಗಳ ಹಿಂದೆ, ಆಗ ಒಂಬತ್ತು ವರ್ಷದವಳಾಗಿದ್ದ ಮಗಳನ್ನು ನಾಲ್ಕು ವಾರಗಳ ಒಂದು ತರಗತಿಗೆ ಸೇರಿಸಿದ್ದೆ. ಮೂರನೆಯ ದಿನದಿಂದಲೇ ಪ್ರದರ್ಶನದ ಹಾಡಿನ ಅಭ್ಯಾಸ ಶುರುವಾಯಿತು. ಯಾರು ಎಲ್ಲಿ ನಿಲ್ಲಬೇಕೆಂದು ತಿಳಿಯಲು ನೆಲದ ಮೇಲೆ ಒಂದೊಂದು ಮಗುವಿಗೂ ಒಂದೊಂದು ಬಣ್ಣದ ಟೇಪಿನ ತುಂಡು ಅಂಟಿಸಿದ್ದರು; ಮಗಳದ್ದು ಎರಡನೆಯ ಸಾಲಿನ ಎಡತುದಿಯ ಹಳದಿ ತುಂಡು. ಕೊನೆಯ ದಿನ ಜೋರಾಗಿ ಚಪ್ಪಾಳೆ ಬಿತ್ತು, ನಾವೂ ಸಂತೋಷದಿಂದ ವಿಡಿಯೊ ಮಾಡಿಕೊಂಡೆವು. ಒಂದು ವಾರ ಕಳೆದ ಮೇಲೆ ಮನೆಯಲ್ಲಿ ಹಾಡು ಹಾಕದೆ, ಕೈಯಲ್ಲಿ ತಾಳ ಹಾಕುತ್ತಾ ಅದನ್ನೇ ಮಾಡಿ ತೋರಿಸು ಎಂದೆ. ಮಗು ಸ್ವಲ್ಪ ಹೊತ್ತು ನಿಂತು, ನೆಲ ನೋಡಿ, 'ನನ್ನ ಹಳದಿ ಗುರುತು ಇಲ್ಲವಲ್ಲಮ್ಮಾ' ಎಂದಳು. ಒಂದು ತಿಂಗಳು ದಿನ ತಪ್ಪಿಸದೆ ಹೋದವಳಿಗೆ ಹೆಜ್ಜೆಯೂ ತಾಳವೂ ತನ್ನವಾಗಿರಲಿಲ್ಲ ಎಂಬುದು ನನಗೆ ಆಗ ತಿಳಿಯಿತು.

ವೇದಿಕೆ ಹತ್ತುವ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಅಂಜುಬುರುಕ ಮಗುವೊಂದು ನೂರು ಜನರ ಮುಂದೆ ನಿಂತು ಬಂದರೆ ಅದೇ ಒಂದು ಗಳಿಕೆ. ನನ್ನ ತಕರಾರಿರುವುದು, ಮೂರೂವರೆ ನಿಮಿಷದ ಒಂದು ಹಾಡಿಗಾಗಿ ನಾಲ್ಕು ವಾರಗಳನ್ನು ಒತ್ತೆಯಿಡುವುದರ ಬಗ್ಗೆ. ನಾವು ಪ್ರತಿವರ್ಷ ಏಪ್ರಿಲ್ 29ರಂದು ಅಂತರರಾಷ್ಟ್ರೀಯ ನೃತ್ಯ ದಿನ ಆಚರಿಸುವುದು 1727ರಲ್ಲಿ ಹುಟ್ಟಿದ ಜಾನ್ ಜಾರ್ಜ್ ನೊವೆರ್ ಎಂಬ ಫ್ರೆಂಚ್ ನೃತ್ಯ ಸಂಯೋಜಕನ ಜನ್ಮದಿನದ ನೆನಪಿಗಾಗಿ. ಭಾವವಿಲ್ಲದ ಬರಿಯ ಚಮತ್ಕಾರ ನೃತ್ಯವಾಗಲಾರದೆಂದು ಆತ ಜೀವನವಿಡೀ ವಾದಿಸಿದ. ಆ ಮಾತನ್ನು ಮಕ್ಕಳ ತರಗತಿಯಿಂದಲೇ ಪಾಲಿಸಬಾರದೇಕೆ?

ನಾಲ್ಕು ವಾರಗಳಲ್ಲಿ ಏನು ತಾನೇ ಕಲಿಸಲು ಸಾಧ್ಯ ಎಂದು ಶಿಕ್ಷಕರು ಕೇಳುವುದುಂಟು. ಸಾಕಷ್ಟು ಕಲಿಸಬಹುದು. ಭರತನಾಟ್ಯವನ್ನೇ ತೆಗೆದುಕೊಂಡರೆ, ಪಾದ ತಟ್ಟುವ ಆರಂಭದ ಪಾಠವಾದ ತಟ್ಟಡವಿನ ಮೊದಲೆರಡು ಹೆಜ್ಜೆಗಳನ್ನು ಮೊದಲನೆಯ ಕಾಲದಲ್ಲಿ, ಅಂದರೆ ನಿಧಾನ ಗತಿಯಲ್ಲಿ, ತಪ್ಪಿಲ್ಲದೆ ತಟ್ಟಿ, ಅದನ್ನೇ ಎರಡನೆಯ ಕಾಲಕ್ಕೆ ಇಮ್ಮಡಿ ವೇಗದಲ್ಲಿ ಒಯ್ಯುವಾಗ ತಾಳ ಮಾತ್ರ ಇದ್ದಲ್ಲೇ ಇರುತ್ತದೆ ಎಂಬ ಅನುಭವವೇ ಎಂಟು ವರ್ಷದ ಮಗುವಿಗೆ ದೊಡ್ಡ ಬೆರಗು. ತಕಿಟ ಎಂದರೆ ಮೂರು, ತಕದಿಮಿ ಎಂದರೆ ನಾಲ್ಕು, ಎರಡೂ ಸೇರಿ ತಕದಿಮಿ ತಕಿಟ ಎಂದರೆ ಏಳು ಎಂದು ಬಾಯಲ್ಲಿ ಹೇಳುತ್ತಾ ನಡೆದಾಡಿದ ಮಕ್ಕಳು ಮುಂದೆ ಯಾವ ಪ್ರಕಾರದ ನೃತ್ಯಕ್ಕೆ ಹೋದರೂ ಲಯ ಅವರ ಜೊತೆಗೆ ಹೋಗುತ್ತದೆ. ಬಲ ಎಡಗಳನ್ನು ಕನ್ನಡಿಯ ನೆರವಿಲ್ಲದೆ ಗುರುತಿಸುವುದು, ನೆಗೆದಾಗ ಮಂಡಿಯನ್ನು ಮೆದುವಾಗಿ ಬಗ್ಗಿಸಿ ಸದ್ದಿಲ್ಲದೆ ಇಳಿಯುವುದು, ಪಕ್ಕದವರಿಗೆ ತಾಗದಂತೆ ಜಾಗ ಬಳಸುವುದು, ಇವೆಲ್ಲ ಒಂದು ತಿಂಗಳಲ್ಲಿ ಮೈಗೂಡುವ ಸಂಗತಿಗಳೇ. ಇವನ್ನು ತೋರಿಸಲು ವೇಷಭೂಷಣ ಬೇಕಾಗಿಲ್ಲ. ಕೊನೆಯ ದಿನ ಪೋಷಕರನ್ನು ತರಗತಿಯೊಳಗೇ ಕೂರಿಸಿ, ಅಂದಿನ ಪಾಠವನ್ನು ಎಂದಿನಂತೆ ನಡೆಸಿದರೆ ಸಾಕು.

ಹದಿಹರೆಯದವರ ವಿಷಯಕ್ಕೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹುಡುಗಿಯರು ಸಾಮಾನ್ಯವಾಗಿ 11–12ರ, ಹುಡುಗರು 13–14ರ ಆಸುಪಾಸಿನಲ್ಲಿ ಅತಿ ವೇಗವಾಗಿ ಎತ್ತರವಾಗುತ್ತಾರೆ. ಮೂಳೆ ಮೊದಲು ಉದ್ದವಾಗಿ, ಸ್ನಾಯುಗಳು ತಡವಾಗಿ ಅದನ್ನು ಹಿಂಬಾಲಿಸುವುದರಿಂದ, ಹಿಂದಿನ ವರ್ಷ ಸಲೀಸಾಗಿ ಬಾಗುತ್ತಿದ್ದ ಮೈ ಬಿಗಿಯಾಗುತ್ತದೆ, ಸುತ್ತು ಹಾಕುವಾಗ ಆಯ ತಪ್ಪುತ್ತದೆ, ಕೆಲವರಿಗೆ ಮಂಡಿಚಿಪ್ಪಿನ ಕೆಳಗೆ ಅಥವಾ ಹಿಮ್ಮಡಿಯಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ಇದನ್ನು ಸೋಮಾರಿತನವೆಂದು ಗದರಿಸುವುದು, ಕಾಲು ಚಾಚಿ ಕೂತವರ ಬೆನ್ನನ್ನು ಹಿಂದಿನಿಂದ ಒತ್ತುವುದು, ನೋವಿದ್ದರೂ ನೆಗೆಸುವುದು ತಪ್ಪು ಮಾತ್ರವಲ್ಲ, ಅಪಾಯಕರ. ಬ್ಯಾಲೆಯಲ್ಲಿ ಕಾಲ್ಬೆರಳ ತುದಿಯ ಮೇಲೆ ನಿಲ್ಲುವ ಪಾಠವನ್ನು ಕೆಲವು ವರ್ಷಗಳ ತಯಾರಿಯಿಲ್ಲದೆ, ಸಾಮಾನ್ಯವಾಗಿ 11–12 ವರ್ಷ ತುಂಬುವ ಮೊದಲು ಆರಂಭಿಸದಿರುವುದೂ ಮೂಳೆ ಮತ್ತು ಸ್ನಾಯುಗಳ ಬಲವನ್ನು ಗಮನದಲ್ಲಿಟ್ಟುಕೊಂಡೇ. ಹದಿಹರೆಯದವರಿಗೆ ಮೈಯ ಬಗ್ಗೆ ಸಂಕೋಚವೂ ಹೆಚ್ಚು. ಪುಟ್ಟ ಮಕ್ಕಳ ಹಿಂದಿನ ಸಾಲಿನಲ್ಲಿ ನಿಲ್ಲಿಸಿದರೆ ಅವರು ಎರಡನೆಯ ವಾರಕ್ಕೆ ಬರುವುದನ್ನೇ ಬಿಡುತ್ತಾರೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ನಾವೆಲ್ಲ ಬಳಸುತ್ತೇವೆ. ಆದರೆ ನೃತ್ಯ ತರಗತಿಗೆ ಸೇರುವ ಮೊದಲು ಪೋಷಕರು ವಿಚಾರಿಸಬೇಕಾದದ್ದು ನೆಲವನ್ನೇ. ಕಾಂಕ್ರೀಟಿನ ಮೇಲೆ ನೇರವಾಗಿ ಹಾಸಿದ ಕಲ್ಲು ಅಥವಾ ಟೈಲ್ಸ್ ಪಾದ ಕೊಟ್ಟ ಹೊಡೆತವನ್ನು ಹಾಗೆಯೇ ಕಾಲಿಗೆ ಮರಳಿಸುತ್ತದೆ. ದಿನವೂ ಅದರ ಮೇಲೆ ನೆಗೆದರೆ ಮೊಣಕಾಲ ಕೆಳಗಿನ ಎಲುಬು ನೋಯತೊಡಗುತ್ತದೆ. ಅಡಿಯಲ್ಲಿ ಸ್ವಲ್ಪ ಟೊಳ್ಳು ಬಿಟ್ಟು ಹಾಸಿದ ಮರದ ನೆಲ ಆ ಹೊಡೆತವನ್ನು ತಾನೇ ಒಂದಿಷ್ಟು ನುಂಗುತ್ತದೆ. ಅಂತಹ ನೆಲ ಒದಗಿಸಲು ಎಲ್ಲರಿಗೂ ಆಗಲಾರದು. ಆಗದಿದ್ದಲ್ಲಿ ನೆಗೆತಗಳನ್ನು ಕಡಿಮೆ ಮಾಡುವುದು ಶಿಕ್ಷಕರ ಕೈಯಲ್ಲಿದೆ. ಬೇಸಿಗೆಯಾದ್ದರಿಂದ ಗಾಳಿಯಾಡುವ ಕೋಣೆಯೂ ಆಗಾಗ ನೀರು ಕುಡಿಯಲು ಬಿಡುವೂ ಇರಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ವಯಸ್ಕರು. ಕರಪತ್ರದಲ್ಲಿ ಹೆಸರಿದ್ದರೂ ಹೆಚ್ಚಿನ ಕಡೆ ಇವರ ಪಾಡು ಕೊನೆಯ ಪಂಕ್ತಿಯ ಪಾಡು: ಮಕ್ಕಳ ತರಗತಿ ಮುಗಿದ ಮೇಲೆ ಉಳಿದ ಸಮಯ, ಉಳಿದ ಶಿಕ್ಷಕರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನನಗೂ ಹಲವರು ಕೇಳಿದ್ದರು. ನನ್ನ ಶಿಕ್ಷಕಿ ಮೊದಲ ವಾರವಿಡೀ ನನ್ನನ್ನು ಕುರ್ಚಿಯ ಅಂಚಿನಲ್ಲಿ ಕೂರಿಸಿ ಪಾದ ತಟ್ಟುವುದನ್ನಷ್ಟೇ ಹೇಳಿಕೊಟ್ಟರು; ಮಂಡಿಗಳನ್ನು ಹೊರಕ್ಕೆ ಬಗ್ಗಿಸಿ ಅರ್ಧ ಕೂತಂತೆ ನಿಲ್ಲುವ ಅರೆಮಂಡಿಯನ್ನು ನನ್ನ ಮಂಡಿ ಒಪ್ಪುವಷ್ಟೇ ಆಳಕ್ಕೆ ಇಳಿಸಿದರು. ಆರು ತಿಂಗಳ ಮೇಲೆ ಆ ಆಳ ತಾನಾಗಿಯೇ ಹೆಚ್ಚಿತು. 1904ರಲ್ಲಿ ಹುಟ್ಟಿದ ಹೆಸರಾಂತ ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ತಮ್ಮ ಮೊದಲ ಭರತನಾಟ್ಯ ಪ್ರದರ್ಶನ ನೀಡಿದ್ದು 1935ರಲ್ಲಿ, ಮೂವತ್ತು ದಾಟಿದ ಮೇಲೆ. ಜರ್ಮನಿಯ ಪೀನಾ ಬೌಶ್ 1978ರಲ್ಲಿ ಸಂಯೋಜಿಸಿದ ಒಂದು ಕೃತಿಯನ್ನು 2000ದಲ್ಲಿ 65 ದಾಟಿದ ಹವ್ಯಾಸಿಗಳಿಂದಲೂ 2008ರಲ್ಲಿ ಹದಿಹರೆಯದವರಿಂದಲೂ ಆಡಿಸಿದರು. ಅವೇ ಚಲನೆಗಳು ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ಅರ್ಥ ಕೊಟ್ಟವು.

ಆರೋಗ್ಯದ ಕಾರಣವೂ ಇದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 65 ದಾಟಿದವರಿಗೆ ಬೀಳದಂತೆ ಕಾಪಾಡುವ ಸಮತೋಲನದ ವ್ಯಾಯಾಮವೂ ಬೇಕೆನ್ನುತ್ತದೆ. ನೃತ್ಯದಲ್ಲಿ ಎರಡೂ ಇವೆ. 75 ವರ್ಷ ದಾಟಿದ 469 ಜನರನ್ನು ಗಮನಿಸಿ 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ದೈಹಿಕ ಚಟುವಟಿಕೆಗಳ ಪೈಕಿ ಮರೆಗುಳಿತನದ ಅಪಾಯ ಕಡಿಮೆಯಿರುವುದರೊಂದಿಗೆ ನಂಟು ಕಂಡುಬಂದದ್ದು ನೃತ್ಯಕ್ಕೆ ಮಾತ್ರ. ಇದರಿಂದ ನೃತ್ಯವೇ ಮದ್ದು ಎಂದು ಸಾಬೀತಾಗುವುದಿಲ್ಲವಾದರೂ, ಹಿರಿಯರಿಗೆ ಒಳ್ಳೆಯ ಸಮಯದಲ್ಲಿ ಪ್ರತ್ಯೇಕ ತರಗತಿ ಕೊಡಲು ಇಷ್ಟು ಸಾಕು.

ಆದ್ದರಿಂದ ತರಗತಿ ನಡೆಸುವವರಲ್ಲಿ ನನ್ನ ಕೋರಿಕೆಯೆಂದರೆ, ಕರಪತ್ರದಲ್ಲಿ ಪ್ರದರ್ಶನದ ದಿನಾಂಕಕ್ಕೆ ಕೊಡುವಷ್ಟೇ ಜಾಗವನ್ನು ವಯೋಮಾನದ ವಿಂಗಡಣೆಗೆ, ಒಬ್ಬ ಶಿಕ್ಷಕರಿಗೆ ಎಷ್ಟು ಜನ ಕಲಿಯುವವರು ಎಂಬುದಕ್ಕೆ, ನೆಲದ ವಿವರಕ್ಕೆ ಕೊಡಿ. ಪೋಷಕರೂ ಇದನ್ನೆಲ್ಲ ಸಂಕೋಚವಿಲ್ಲದೆ ಕೇಳಬೇಕು. ಮಗಳಿಗೆ ಈಗ ಹನ್ನೊಂದು; ಮತ್ತೆ ನೃತ್ಯಕ್ಕೆ ಸೇರುತ್ತೇನೆ ಎಂದಳು. ಕಳೆದ ವಾರ ಒಂದು ತರಗತಿಗೆ ಹೋಗಿ ವಿಚಾರಿಸಿದಾಗ, ಅಲ್ಲಿನ ಶಿಕ್ಷಕಿ ಶುಲ್ಕದ ಮಾತೆತ್ತುವ ಮೊದಲು ಮಗಳನ್ನು ಬರಿಗಾಲಲ್ಲಿ ಒಂದೊಂದೇ ಕಾಲ ಮೇಲೆ ನಿಲ್ಲಿಸಿ ನೋಡಿದರು, ಈ ವರ್ಷ ಎಷ್ಟು ಎತ್ತರವಾದಳೆಂದು ಕೇಳಿದರು, ಮಂಡಿ ನೋವಿದೆಯೇ ಎಂದು ಅವಳನ್ನೇ ವಿಚಾರಿಸಿದರು. ಅಲ್ಲಿಗೇ ಸೇರಿಸಿದ್ದೇನೆ.

ಇಂತಿ,
ನೃತ್ಯ ಕಲಿಯುತ್ತಿರುವ ಒಬ್ಬ ತಾಯಿ