ಎಸ್.ಪಿ. ರಸ್ತೆಯ ಇಂಕಿನ ಅಂಗಡಿಯ ತರುಣನಿಗೆ

ಕಳೆದ ಶನಿವಾರ ರಾತ್ರಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಅಂಗಡಿಯ ಷಟರನ್ನು ಅರ್ಧ ಎಳೆದಿದ್ದರೂ ನನ್ನನ್ನು ಒಳಗೆ ಕರೆದ ತರುಣರಿಗೆ ಈ ಧನ್ಯವಾದ. ಅವರ ಹೆಸರನ್ನು ಕೇಳಲು ಆ ಗಡಿಬಿಡಿಯಲ್ಲಿ ಮರೆತೆ.

ಮಗಳು ಸೋಮವಾರ ಪ್ರಾಜೆಕ್ಟ್ ವರದಿಯನ್ನು ಒಪ್ಪಿಸಬೇಕಿತ್ತು. ಹಣ ಉಳಿಸುವ ಉಮೇದಿನಲ್ಲಿ ನಾನು ಮನೆಯಲ್ಲೇ ಪ್ರಿಂಟರಿನ ಕಪ್ಪು ಇಂಕಿನ ಡಬ್ಬಿಯಾದ ಕಾರ್ಟ್ರಿಡ್ಜ್‌ಗೆ ಸಿರಿಂಜಿನಿಂದ ಇಂಕು ತುಂಬಿ, ಸೋರಬಾರದೆಂದು ಮೇಲಿನ ರಂಧ್ರಗಳನ್ನೆಲ್ಲ ಟೇಪಿನಿಂದ ಭದ್ರವಾಗಿ ಮುಚ್ಚಿದ್ದೆ. ಎರಡು ಪುಟಗಳು ಸರಿಯಾಗಿ ಬಂದವು. ಮೂರನೆಯದರಲ್ಲಿ ಅಕ್ಷರಗಳ ನಡುವೆ ಬಿಳಿ ಗೆರೆಗಳು, ನಾಲ್ಕನೆಯದು ಬರೀ ಖಾಲಿ ಹಾಳೆ. ಝೆರಾಕ್ಸ್ ಅಂಗಡಿಗೆ ಹೋಗಿದ್ದರೆ ಎಷ್ಟಾಗುತ್ತಿತ್ತೆಂದು ಮನೆಯವರು ಲೆಕ್ಕ ಹೇಳಿದ್ದು ಬೇರೆ ಮಾತು.

ಮಸಿ ಮೆತ್ತಿದ್ದ ನನ್ನ ಬೆರಳುಗಳನ್ನು ನೋಡಿಯೂ ಅಂಗಡಿಯ ಆ ತರುಣರು ನಗಲಿಲ್ಲ. ಕಾರ್ಟ್ರಿಡ್ಜನ್ನು ಬೆಳಕಿಗೆ ಹಿಡಿದು, "ಗಾಳಿ ಹೋಗೋಕೆ ದಾರಿನೇ ಬಿಟ್ಟಿಲ್ಲವಲ್ಲ ಸಾರ್" ಎಂದಷ್ಟೇ ಹೇಳಿ, ಉಗುರಿನ ತುದಿಯಿಂದ ಟೇಪನ್ನು ಬಿಡಿಸಿದರು. ಇಂಕು ಕೆಳಗಿಳಿದಂತೆಲ್ಲ ಅದರ ಜಾಗಕ್ಕೆ ಗಾಳಿ ಬರಬೇಕು, ಇಲ್ಲದಿದ್ದರೆ ಒಳಗಿನ ಸ್ಪಂಜು ಇಂಕನ್ನು ಬಿಟ್ಟುಕೊಡುವುದಿಲ್ಲ ಎಂಬುದು ನನಗೆ ಆಗಲೇ ತಿಳಿದದ್ದು. ಬಳಿಕ ಟಿಶ್ಯೂ ಕಾಗದಕ್ಕೆ ಉಗುರುಬೆಚ್ಚಗಿನ ನೀರನ್ನು ಹನಿಸಿ, ಕಾರ್ಟ್ರಿಡ್ಜಿನ ತಳವನ್ನು ಅದರ ಮೇಲೆ ಮೆಲ್ಲಗೆ ಒತ್ತಿ ಹಿಡಿದರು; ಕಪ್ಪು ಪಟ್ಟಿಯೊಂದು ಎಲ್ಲಿಯೂ ಕಡಿಯದೆ ಮೂಡಿದಾಗ ನನಗೆ ಹೋದ ಜೀವ ಬಂದಂತಾಯಿತು. ಪ್ರಿಂಟರಿನೊಂದಿಗೆ ವಿದ್ಯುತ್ ಸಂಪರ್ಕ ಕೊಡುವ, ಕಾರ್ಟ್ರಿಡ್ಜಿನ ಮೇಲಿನ ತಾಮ್ರಬಣ್ಣದ ಬಿಂದುಗಳನ್ನು ಒಣಬಟ್ಟೆಯಿಂದ ಒರೆಸಿ, ದಾರಿಯಲ್ಲಿ ಸೋರಿ ಅಂಗಿ ಹಾಳಾಗದಿರಲೆಂದು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕೈಗಿತ್ತರು.

ಹಣ ಎಷ್ಟೆಂದು ಕೇಳಿದರೆ, "ನಾನೇನೂ ಮಾರಿಲ್ಲವಲ್ಲ" ಎಂದು ಷಟರಿನ ಬೀಗ ಹುಡುಕತೊಡಗಿದರು. ಆ ರಾತ್ರಿಯೇ 42 ಪುಟಗಳೂ ಮುದ್ರಣವಾದವು.